ಕೊಸರು

ಬೆಳಗಿನ ಐದೂವರೆಗೆ ಅಂಚೆಕಚೇರಿಯಿಂದ ಫೋನು:
"ಒಡೆಟ್, ನಿನ್ನ ಪೆಟ್ಟಿಗೆ ಬಂದಿದೆ,
ಬೇಗ ಬಂದು ಒಯ್ಯಿ ಮಾರಾಯ್ತಿ,
ಇದರ ಗಲಾಟೆಯಲ್ಲಿ ಒಂದು ಕಾಗದ ವಿಂಗಡಿಸಲಾಗುತ್ತಿಲ್ಲ."

ವರ್ಮಾಂಟಿನ ಈ ಮೂಲೆಯಲ್ಲಿ
ಚಳಿಗೂ ಚಿಗುರಿಗೂ ನಡುವೆ ಇನ್ನೊಂದು ಕಾಲ, ಕೆಸರುಗಾಲ.
ರಸ್ತೆ ಟ್ರಕ್ಕಿನ ಗಾಲಿಯನ್ನು ಅರ್ಧ ನುಂಗಿ
ಉಗುಳಲೋ ಬೇಡವೋ ಎಂದು ಯೋಚಿಸುತ್ತದೆ.
ಹಳ್ಳದ ಬದಿಗೆ ಕೊಳಕು ಹಿಮ,
ಯಾರೋ ಒಗೆಯಲು ಮರೆತ ಹೊದಿಕೆ.

ಪೆಟ್ಟಿಗೆಗೆ ನಾಣ್ಯದಗಲ ತೂತು,
ತೂತಿಗೊಂದು ಕೊಕ್ಕು.
ಹೀಟರು ಪೂರ್ತಿ ತಿರುಗಿಸಿ, ಬೆವರುತ್ತ,
ಕುಲುಕದೆ, ಬೈಯದೆ
ಮನೆ ಮುಟ್ಟಿದೆ. ಬೈಯದ್ದಕ್ಕೆ ಕಾರಣ
ಪಕ್ಕದಲ್ಲಿ ಪೆಟ್ಟಿಗೆ ತಬ್ಬಿ ಕೂತ ಮೇವಿಸ್,
ನನ್ನ ಮೊಮ್ಮಗಳು, ವರ್ಷ ಒಂಬತ್ತು.
ಅವಳಮ್ಮ ಬಿಟ್ಟುಹೋದದ್ದು ಫೆಬ್ರವರಿಯಲ್ಲಿ
ಎರಡು ವಾರಕ್ಕೆಂದು.

ಇಪ್ಪತ್ತೈದಕ್ಕೆ ದುಡ್ಡು ಕಟ್ಟಿದ್ದೆ.
ದಾರಿಯಲ್ಲಿ ಒಂದು ಸತ್ತರೆ ಇರಲಿ ಎಂದು
ಹ್ಯಾಚರಿಯವರು ಇನ್ನೊಂದು ಹಾಕುತ್ತಾರೆ,
ಕೊಸರಿಗೊಂದು ಜೀವ.

ಒಂದೊಂದನ್ನೇ ಹಿಡಿದು ಕೊಕ್ಕು ನೀರಿಗದ್ದಬೇಕು,
ನೀರೆಂದರೇನೆಂದು ಯಾರಾದರೂ ಹೇಳಬೇಕಲ್ಲ.
ಮೊದಲ ಗುಟುಕಿಗೆ ಕತ್ತೆತ್ತಿ
ಆಕಾಶ ಹುಡುಕುತ್ತವೆ.
ಅಲ್ಲಿರುವುದು ಸರಪಳಿಗೆ ತೂಗಿದ ಕೆಂಪು ಬಲ್ಬು.

ಮೇವಿಸ್ ಎಣಿಸಿದಳು, ಮತ್ತೆ ಎಣಿಸಿದಳು. ಇಪ್ಪತ್ತಾರು.
ಒಂದೂ ಸತ್ತಿರಲಿಲ್ಲ.
"ಹಾಗಾದ್ರೆ ಇದರಲ್ಲಿ ಕೊಸರು ಯಾವುದು?"
ನಾನು ಬೂದಿಯ ಬಕೆಟ್ಟೆತ್ತಿಕೊಂಡು
ಹೊರಗೆ ಹೋದೆ.

ಕೆಲಸಕ್ಕೇನು ಬರವೇ.
ಮೇಪಲ್ ಮರಗಳ ನಳಿಗೆ ಕೀಳಬೇಕು,
ತೂತನ್ನು ಮರವೇ ಮುಚ್ಚಿಕೊಳ್ಳುತ್ತದೆ, ಅದರ ಚಿಂತೆ ಬೇಡ.
ನಲವತ್ತು ಬಕೆಟ್ಟು ತೊಳೆದು ಕವುಚಬೇಕು.
ನೆಲದೊಳಗಿನ ಮಂಜು ಎತ್ತಿ ನಿಲ್ಲಿಸಿದ ಬೇಲಿಗೂಟಗಳಿಗೆ
ಸುತ್ತಿಗೆಯಲ್ಲಿ ಮತ್ತೆ ಅವುಗಳ ಜಾಗ ತೋರಿಸಬೇಕು.
ಹಳೇ ಕೋಳಿಗಳ ಗೂಡಿನಲ್ಲಿ ಐದು ತಿಂಗಳ ಹೊಟ್ಟು, ಹಿಕ್ಕೆ,
ಪದರ ಪದರ ಕಿತ್ತು ಹಾಕುವಾಗ
ಕಣ್ಣು ಧಾರೆ ಧಾರೆ.
"ಅಳ್ತಿದೀಯಾ ಅಜ್ಜಿ?"
"ಇಲ್ಲವೇ. ಗೊಬ್ಬರ."

ಬಟಾಣಿ ಬಿತ್ತಲು ದಿನಾ ಮಣ್ಣು ಹಿಡಿದು ನೋಡುತ್ತೇನೆ.
ಮುಷ್ಟಿ ಬಿಚ್ಚಿದಾಗ ಉದುರಬೇಕು.
ಇನ್ನೂ ಉಂಡೆ.

ಮೂರನೆಯ ದಿನ ಒಂದು ಮರಿಯ ಹಿಂಭಾಗ
ಅಂಟಿ, ಒಣಗಿ, ಮುಚ್ಚಿಹೋಗಿತ್ತು.
ಬಿಸಿನೀರಿಗೆ ಬಟ್ಟೆ ಅದ್ದಿ, ಎಳೆಯದೆ,
ನೆನೆಸಿ ನೆನೆಸಿ ಬಿಡಿಸಬೇಕು;
ಇದರ ಚಿತ್ರ ಯಾವ ಕ್ಯಾಟಲಾಗಿನಲ್ಲೂ ಇಲ್ಲ.
ಒಂದು ಕೈಯಲ್ಲಿ ಮೂಗು, ಇನ್ನೊಂದರಲ್ಲಿ ಟವೆಲು
ಹಿಡಿದು ನಿಂತ ಮೇವಿಸ್ ಪಿಸುಗುಟ್ಟಿದಳು:
"ಇದೇ ಇರಬೇಕು."

ಹೆಸರಿಡಬೇಡ ಅಂದಿದ್ದೆ ಮೊದಲೇ.
ಅರ್ಧದಷ್ಟು ಹುಂಜಗಳು, ಅಕ್ಟೋಬರಿನಲ್ಲಿ
ನೆರೆಯ ವೆಂಡೆಲ್ ಕತ್ತಿ ಮಸೆದು ಬರುತ್ತಾನೆ,
ಹೆಸರಿಟ್ಟದ್ದನ್ನು ನಾವು ತಿನ್ನುವುದಿಲ್ಲ.
ತಿನ್ನುವುದಿಲ್ಲವಾ, ಎಂದು ಕೇಳಿ ಖಚಿತ ಮಾಡಿಕೊಂಡು
ಸಂಜೆಯೊಳಗೆ ಇಪ್ಪತ್ತಾರಕ್ಕೂ ಇಟ್ಟು ಮುಗಿಸಿದ್ದಳು:
ಬುಧವಾರ, ಟ್ರ್ಯಾಕ್ಟರ್, ಮಿಸೆಸ್ ಪೆಲ್ಕಿ, ಜ್ವರ,
ಇನ್ನೊಂದು ಬುಧವಾರ...
ಗೋಡೆಯ ಮೇಲೆ ಪಟ್ಟಿ. ಕೆಳಗೆ ಸಹಿ.

ವಾರಕ್ಕೊಂದು ಕೊಂಡಿ ಮೇಲೆತ್ತಬೇಕು ಬಲ್ಬನ್ನು,
ವಾರಕ್ಕಿಷ್ಟು ಕಾವು ಕಡಿಮೆ.
ಚಳಿ ಕಲಿಯುವುದು ಹಾಗೆ, ಎಂದು ಹೇಳಿಕೊಟ್ಟಿದ್ದೆ.
ಪುಕ್ಕ ಬರುತ್ತದೆ, ತಾನೇ ಬರುತ್ತದೆ.
ಮರಿಗಳು ಒಂದರ ಮೇಲೊಂದು ಬಿದ್ದರೆ ಚಳಿ,
ಮೂಲೆಗೆ ಸರಿದು ಬಾಯಿ ತೆರೆದರೆ ಸೆಕೆ;
ಎಲ್ಲೆಂದರಲ್ಲಿ ಕಾಲು ಚಾಚಿ ಮಲಗಿದರೆ
ಯಾರೂ ಏನೂ ಮಾಡಬೇಕಿಲ್ಲ.

ಭಾನುವಾರ ಅವಳಮ್ಮನ ಫೋನು.
ಮೇ ಅಂದಿದ್ದು ಜೂನ್ ಆಗಬಹುದಂತೆ.
"ಆಯ್ತು" ಎಂದಳು ಮೇವಿಸ್, "ಆಯ್ತಮ್ಮ",
ಫೋನಿಟ್ಟು ಮರಿಗಳಿಗೆ ನೀರು ತುಂಬಿಸಲು ಹೋದಳು.
ಬರುವುದು ತಡವಾಯಿತು.

ಮಲಗುವ ಮುಂಚೆ ನಾನು ಹೋಗಿ ನೋಡಿದರೆ
ಬೆಳಿಗ್ಗೆ ಎತ್ತಿದ್ದ ಸರಪಳಿ
ಒಂದು ಕೊಂಡಿ ಕೆಳಗಿಳಿದಿತ್ತು.
ಮರಿಗಳಿಗೆ ಸೆಕೆ. ಬುಧವಾರ, ಇನ್ನೊಂದು ಬುಧವಾರ
ಮೂಲೆಗೆ ಸರಿದು ಬಾಯಿ ತೆರೆದಿದ್ದವು.

ಸರಪಳಿ ಮುಟ್ಟಲಿಲ್ಲ.
ಕಿಟಕಿಯನ್ನು ಒಂದು ಬೆರಳಷ್ಟು ತೆರೆದು
ಬಂದೆ.